ಅಂಚೆ ರೂಮಿನ ಬಿಂದಿಗೆ

ನನ್ನ ಹಟಮಾರಿ ಅಪ್ಪನಿಗೆ,

ಊರಿಗೆಲ್ಲ ಕಾಗದ ಹಂಚಿದವನು ನೀನು. ನಿನಗೇ ಅಂತ ಬಂದ ಕಾಗದ ಮಾತ್ರ ನಾನು ಒಂದೂ ನೋಡಲಿಲ್ಲ. ಇದೇ ಮೊದಲನೆಯದು. ಮುದ್ದು ಮಾಡಿ ಬರೆಯುತ್ತೇನೆ ಅಂದುಕೊಳ್ಳಬೇಡ. ಹನ್ನೊಂದು ವರ್ಷದ ಸಿಟ್ಟಿದೆ, ಅದನ್ನು ಮೊದಲು ಕಕ್ಕಿಬಿಡುತ್ತೇನೆ.

ಚಾಮರಾಜನಗರದ ಆಸ್ಪತ್ರೆಯಲ್ಲಿ ನೀನು ನನ್ನ ಕೈ ಹಿಡಿದುಕೊಂಡಿದ್ದು ನೆನಪಿದೆಯಾ? ನನ್ನ ಸಂಸಾರ, ಮೊಮ್ಮಗಳ ಓದು, ಯಾವುದನ್ನೂ ಕೇಳಲಿಲ್ಲ ನೀನು. "ಆಪೀಸು ಮೇಲ್ಬೀದಿಗೆ ಓಗದಂಗೆ ನೋಡ್ಕ ಕಣಮ್ಮಿ" ಅಂದೆ. ನಾನು ಆಯ್ತಪ್ಪ ಅಂದೆ. ಸಾಯುವವನಿಗೆ ಇನ್ನೇನು ಹೇಳುವುದು? ಆ ಒಂದು ಮಾತಿಗೆ ನನ್ನನ್ನು ಗೂಟಕ್ಕೆ ಕಟ್ಟಿ ಹೋದೆ. ನಿನ್ನ ಕೆಲಸ ನನಗೆ ಬಂತು. ಹಳ್ಳಿಯ ಅಂಚೆ ಕಚೇರಿ ಅಂದರೆ ಪೋಸ್ಟ್ ಮಾಸ್ತರರೇ ಊರಲ್ಲಿದ್ದು ಜಾಗ ಕೊಡಬೇಕು, ಸ್ವಂತದ್ದೋ ಬಾಡಿಗೆಯದೋ. ಹೆಚ್ಚಾಗಿ ಅವರ ಮನೆ ಎಲ್ಲಿದೆಯೋ ಆಪೀಸು ಅಲ್ಲಿ. ನಾನು ಎದ್ದು ಹೋದರೆ ಆಪೀಸೂ ಎದ್ದು ಹೋಗುತ್ತದೆ. ಗಂಡ ಚಾಮರಾಜನಗರದ ಬಸ್ ಡಿಪೋದಲ್ಲಿ, ಮಗಳು ಓದಿಗೆ ಅವನ ಜೊತೆ, ನಾನು ಇಲ್ಲಿ. ವಾರಕ್ಕೊಂದು ಭಾನುವಾರದ ಸಂಸಾರ. ಮಗಳು ಮೈನೆರೆದ ಸುದ್ದಿಯೂ ನನಗೆ ಫೋನಿನಲ್ಲೇ ಬಂತು. ಆಗ ಕವರುಗಳಿಗೆ ಠಸ್ಸೆ ಹೊಡೆಯುತ್ತಾ ಕೂತಿದ್ದೆ.

ಮೇಲ್ಬೀದಿಯ ಕಥೆ ನೀನು ಹೇಳಿ ಹೇಳಿ ನನಗೆ ಬಾಯಿಪಾಠ. ಮೊದಲು ಆಪೀಸು ಪಟೇಲರ ಮನೆಯ ಜಗಲಿಯ ಮೇಲಿತ್ತು. ನಮ್ಮ ಬೀದಿಯವರು ಜಗಲಿ ಹತ್ತುವಂತಿರಲಿಲ್ಲ. ಮಿಲಿಟರಿಯಲ್ಲಿದ್ದ ದೊಡ್ಡಪ್ಪನ ಕಾಗದ ಬಂದರೆ ಅಜ್ಜಿ ಕೆಳಗೆ ನಿಂತು ಸೆರಗು ಒಡ್ಡಬೇಕಿತ್ತು, ಮೇಲಿನಿಂದ ಎಸೆಯುತ್ತಿದ್ದರು. ಒಂದು ಸಲ ಗಾಳಿಗೆ ಚರಂಡಿಗೆ ಬಿದ್ದು ಅಕ್ಷರವೆಲ್ಲ ಕದಡಿಹೋಯಿತಂತೆ. ಅದರಲ್ಲಿ ದೊಡ್ಡಪ್ಪ ಏನು ಬರೆದಿದ್ದನೋ...

ನಿನಗೆ ಕೆಲಸ ಸಿಕ್ಕಿ ಕೆಂಪು ಡಬ್ಬ ನಮ್ಮ ಗೋಡೆಗೆ ಬಂದಾಗ, ಮೇಲ್ಬೀದಿಯವರು ಎಷ್ಟೋ ತಿಂಗಳು ಗುಂಡ್ಲುಪೇಟೆಗೆ ಬಸ್ಸು ಹತ್ತಿ ಹೋಗಿ ಕಾಗದ ಹಾಕಿದರಲ್ಲ! ಪಟೇಲರು ರಸ್ತೆಯಲ್ಲೇ ನಿಂತು ರಿಜಿಸ್ಟರ್ ಕಾಗದ ಕೇಳಿದರೆ, ನೀನು ಕುರ್ಚಿ ಬಿಟ್ಟು ಏಳದೆ, ಒಳಗೆ ಬಂದು ಸೈನ್ ಹಾಕಿ ಬುದ್ಧಿ ಅಂದೆಯಂತೆ. ಜಮೀನಿನ ಕಾಗದ, ಬೇರೆ ದಾರಿ ಇರಲಿಲ್ಲ, ಬಂದರು. ಅವತ್ತೇ ನೀನು ಮೂಲೆಯಲ್ಲಿ ಹಿತ್ತಾಳೆ ಬಿಂದಿಗೆ ಇಟ್ಟೆ, ಮೇಲೊಂದು ಲೋಟ ಬೋರಲು ಹಾಕಿ. ಬಿಸಿಲಲ್ಲಿ ಬಂದವರು ಕುಡಿಯಲಿ ಅಂತ. ನಮ್ಮ ಬೀದಿಯವರು ಕುಡಿದರು, ಮದ್ದೂರು ಕಾಡಿನ ಕಡೆಯ ಫಾರೆಸ್ಟ್ ವಾಚರುಗಳು ಕುಡಿದರು, ಶುಂಠಿ ಬೆಳೆಯಲು ಬಂದ ಮಲಯಾಳಿಗಳು ಕುಡಿದರು. ಮೇಲ್ಬೀದಿಯ ಒಬ್ಬರೂ ಮುಟ್ಟಲಿಲ್ಲ. ನೀನು ಮಾತ್ರ ದಿನಾ ಬೆಳಗ್ಗೆ ತೊಳೆದು ತುಂಬಿಸಿದೆ. ನೀನು ಹೋದ ಮೇಲೆ ನಾನು ತುಂಬಿಸಿದೆ, ನಿನ್ನನ್ನು ಬೈದುಕೊಂಡೇ.

ಹೋದ ತಿಂಗಳು ಪೋಸ್ಟ್‌ಮ್ಯಾನ್ ಪರೀಕ್ಷೆ ಪಾಸಾಗಿ ನನಗೆ ಚಾಮರಾಜನಗರಕ್ಕೇ ಆರ್ಡರ್ ಬಂತು. ನಮ್ಮಂಥ ಹಳ್ಳಿ ಪೋಸ್ಟ್ ಮಾಸ್ತರರಿಗೆ ಅದೇ ಬಡ್ತಿ, ಖಾಯಂ ನೌಕರಿ. ಹೌದು, ನಿನ್ನ ಫೋಟೋಕ್ಕೂ ಹೇಳದೆ ಬರೆದಿದ್ದೆ. ಆ ಖುಷಿ ಅರ್ಧ ದಿನವೂ ಉಳಿಯಲಿಲ್ಲ. ನನ್ನ ಜಾಗಕ್ಕೆ ಆಯ್ಕೆಯಾದವಳು ಅದೇ ಪಟೇಲರ ಮೊಮ್ಮಗಳು ಶಿಲ್ಪ. ಅಂದರೆ ಆಪೀಸು ಮತ್ತೆ ಅದೇ ಜಗಲಿಗೆ! ಬಡ್ತಿ ಬೇಡ ಅಂತ ಅರ್ಜಿ ಬರೆದು ಮೇಜಿನ ಖಾನೆಯಲ್ಲಿಟ್ಟೆ. ಗಂಡನಿಗೆ ಫೋನ್ ಮಾಡಿ ಹೇಳಿದೆ. ಅವನು ಸುಮ್ಮನೆ ಸರಿ ಬುಡು ಅಂದ. ಬೈದಿದ್ದರೆ ಚೆನ್ನಾಗಿತ್ತು. ಒಬ್ಬಳೇ ಆಪೀಸಿನ ರೂಮಿನಲ್ಲಿ ಕೂತು ಅತ್ತೆ.

ಮೊನ್ನೆ ಮಧ್ಯಾಹ್ನ ಆ ಹುಡುಗಿಯೇ ಬಂದಳು. ಕೈಯಲ್ಲಿ ಮನೆಯಿಂದ ತಂದ ನೀರಿನ ಬಾಟಲಿ. ಬಾಗಿಲಲ್ಲೇ ನಿಂತು, ಈ ರೂಮು ಬಾಡಿಗೆಗೆ ಕೊಡುತ್ತೀರಾ ಅಂತ ಕೇಳಿದಳು. ನಿಮ್ಮನೆ ಜಗಲಿಗೆ ಏನಾಯಿತು ಅಂದೆ. ಅವಳು ತಲೆ ಎತ್ತಲಿಲ್ಲ.

"ತಾತ ಬ್ಯಾಡ ಅಂತಾರೆ ಅಕ್ಕ. ಈಗ ಯಾರ್ನೂ ಕೆಳಗೆ ನಿಲ್ಲುಸಂಗಿಲ್ವಲ್ಲ. ಎಲ್ರೂ ಜಗಲಿ ಅತ್ತುತಾರೆ ಅಂತ..."

ಮೈಯೆಲ್ಲ ಉರಿದುಹೋಯಿತಪ್ಪ. ನೀನು ಜೀವಮಾನವೆಲ್ಲ ಕಾದುಕೊಂಡದ್ದನ್ನು ಅವರು ಬೇಡ ಅನ್ನುತ್ತಿದ್ದಾರೆ, ಅದೂ ಅದೇ ಹಳೇ ಕಾರಣಕ್ಕೆ. ಹೋಗಮ್ಮ ಅಂತ ಬಾಗಿಲು ಹಾಕಿಬಿಡಬಹುದಿತ್ತು. ಹಾಕಿದ್ದರೆ ಒಳಗೆ ಉಳಿಯುತ್ತಿದ್ದವಳು ಯಾರು? ನಾನೇ ತಾನೆ? ಸಿಟ್ಟು ನುಂಗಿಕೊಂಡೆ. ನುಂಗುವಾಗ ಕಣ್ಣು ಮೂಲೆಗೆ ಹೋಯಿತು.

"ರೂಮು ಕೊಡ್ತೀನಿ. ಆದ್ರೆ ಬಾಟ್ಲಿ ತರಕೂಡ್ದು. ನೀರು ಇಲ್ಲೀದೆ ಕುಡೀಬೇಕು" ಅಂದೆ.

ಅವಳು ಬಿಂದಿಗೆಯನ್ನೇ ನೋಡುತ್ತಾ ನಿಂತಳು. ಒಮ್ಮೆ ಬೀದಿಯ ಕಡೆ ತಿರುಗಿದಳು. ಆಮೇಲೆ ಒಳಗೆ ಬಂದು, ತಾನೇ ಲೋಟಕ್ಕೆ ಬಗ್ಗಿಸಿಕೊಂಡು, ಎತ್ತಿ ಹುಯ್ದುಕೊಳ್ಳದೆ ಕಚ್ಚಿಯೇ ಕುಡಿದಳು. ಕೆಲಸ ಬೇಕಿತ್ತು, ಕುಡಿದಳು ಅಂತ ನೀನು ಅನ್ನಬಹುದು. ಇರಲಿ ಬಿಡು. ನನಗೂ ಬಿಡುಗಡೆ ಬೇಕಿತ್ತು, ರೂಮು ಕೊಟ್ಟೆ. ಅವಳಿಗೆ ಅವಳ ತಾತ, ನನಗೆ ನೀನು. ಇಬ್ಬರೂ ಸಿಕ್ಕಿಹಾಕಿಕೊಂಡವರೇ ಅಲ್ಲವಾ?

ಅರ್ಜಿಯನ್ನು ಹರಿದು ಒಲೆಗೆ ಹಾಕಿದೆ. ಸೋಮವಾರ ಚಾಮರಾಜನಗರದಲ್ಲಿ ಹಾಜರಾಗುತ್ತೇನೆ. ಹೊಸ ಜಾಗದ ಭಯ ಇದೆ, ಆದರೂ ಮಗಳ ಪಕ್ಕ ಮಲಗುತ್ತೇನೆ ಅನ್ನುವುದೇ ಸಾಕು. ನಿನ್ನ ಡಬ್ಬ ನಿನ್ನ ಗೋಡೆಯಲ್ಲೇ ಇದೆ, ಕೊಟ್ಟ ಮಾತಿಗೆ ನಾನು ತಪ್ಪಲಿಲ್ಲ. ಇವತ್ತು ಶಿಲ್ಪಳನ್ನು ನಿನ್ನ ಕುರ್ಚಿಯಲ್ಲಿ ಕೂರಿಸಿ, ಠಸ್ಸೆಯ ತಾರೀಖು ಬದಲಿಸುವುದು, ಚೀಲ ಕಟ್ಟುವುದು ಎಲ್ಲ ತೋರಿಸಿ ಕೀಲಿ ಕೊಟ್ಟೆ. ಕೊನೆಗೆ ಬಿಂದಿಗೆ ತೋರಿಸಿದೆ. ನಾಳೆಯಿಂದ ಬೆಳಗ್ಗೆ ಅದನ್ನು ತೊಳೆದು, ನಮ್ಮ ಬೀದಿಯವರಿಗೆಲ್ಲ ನೀರು ತುಂಬಿಸಿಡುವವಳು ಪಟೇಲರ ಮೊಮ್ಮಗಳು, ಅಪ್ಪ.

ಗೂಟದಿಂದ ಬಿಚ್ಚಿಕೊಂಡ ನಿನ್ನ ಮಗಳು,
ಮಾದೇವಿ