ಒಬ್ಬಳು ಇಳಿದರೆ ಇಬ್ಬರೂ

ಮಂಗಳವಾರ, ಮಧ್ಯಾಹ್ನದ ಬಿಡುವು
ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಿಂದ

ಪ್ರೀತಿಯ ಗಿರಗಿಟ್ಲೆ,

ಅಕ್ಕ ಫೋನು ಬಿಟ್ಟು ಕಾಗದ ಹಿಡಿದಿದ್ದಾಳೆ ಎಂದರೆ ಯಾರಿಗೋ ಏನೋ ಆಗಿದೆ ಎಂದು ಗಾಬರಿಯಾಗಬೇಡ. ಎಲ್ಲರೂ ಚೆನ್ನಾಗಿದ್ದೇವೆ. ಫೋನಿನಲ್ಲಾದರೆ ನಾನು ಅರ್ಧ ಹೇಳುವಷ್ಟರಲ್ಲಿ ಉಳಿದರ್ಧವನ್ನು ನೀನೇ ಹೇಳಿ ಮುಗಿಸುತ್ತೀಯ. ಕಾಗದಕ್ಕೆ ಅಡ್ಡಬಾಯಿ ಹಾಕಲು ನಿನ್ನಿಂದಲೂ ಆಗದು.

ನೀನು ಭಾನುವಾರ ಕಳಿಸಿದ ಸಂದೇಶವನ್ನು ಮತ್ತೆ ಮತ್ತೆ ಓದಿದೆ. ‘ಸಾರಿ ಅಕ್ಕ, ನಾನು ಇಳಿದು ನಿನ್ನ ಸವಾರಿ ಹಾಳು ಮಾಡ್ಬಿಟ್ಟೆ. ಮುಂದಿನ ತಿಂಗಳು ಮತ್ತೆ ಹೋಗೋಣ. ಈ ಸಲ ಏನೇ ಆದ್ರೂ ಇಳಿಯಲ್ಲ, ನಿನ್ನಾಣೆ’ ಎಂದು ಬರೆದಿದ್ದೀಯ. ಆ ‘ಏನೇ ಆದ್ರೂ’ ಎಂಬಲ್ಲೇ ನಾನು ನಿಂತುಬಿಟ್ಟೆ. ಅಲಗಿನ ಮೇಲೆ ಏನಾದರೂ ಆದರೆ ಅದು ಕೈಕಾಲು ತರಚಿಕೊಳ್ಳುವ ಮಾತಲ್ಲ. ನೀನು ಆಣೆ ಉಳಿಸಿಕೊಳ್ಳಲು ಹೊರಡುವ ಮೊದಲೇ ನಾನು ಬಾಯಿ ಬಿಡಬೇಕಾಗಿದೆ. ಅದಕ್ಕೇ ಈ ಕಾಗದ.

ಬೆಟ್ಟದಲ್ಲಿ ಸೈಕಲ್ ಹೊಡೆಯುವವರು ಆ ದಾರಿಗೆ ಅಲಗು ಎಂದು ಸುಮ್ಮನೆ ಹೆಸರಿಟ್ಟಿಲ್ಲ. ಎಡಕ್ಕೆ ಪ್ರಪಾತ, ಬಲಕ್ಕೆ ಗೋಡೆಯಂಥ ಬಂಡೆ, ನಡುವೆ ನಮ್ಮ ಹ್ಯಾಂಡಲ್ ಹೇಗೋ ಹಿಡಿಸುವಷ್ಟು ಅಗಲ. ಹ್ಯಾಂಡಲಿನ ಬಲತುದಿ ಬಂಡೆಗೆ ಒಂದು ಸಲ ತಗುಲಿದರೆ ಸಾಕು, ಸೈಕಲ್ಲು ತಾನಾಗಿ ಹೊರಕ್ಕೆ ವಾಲುತ್ತದೆ. ಬಂಡೆಗೆ ಅಂಟಿಕೊಳ್ಳಲೂ ಕೂಡದು, ಅಂಚಿಗೆ ಸರಿಯಲೂ ಕೂಡದು. ಅಳತೆ ಸರಿಯಾಗಿ ಕಾಣುವ ಕಣ್ಣು ಬೇಕು.

ಆ ಕಣ್ಣು ನನಗಿಲ್ಲ.

ನೋಡು, ಬರೆದೇಬಿಟ್ಟೆ. ಈಗ ಸ್ವಲ್ಪ ಉಸಿರು ಬಂತು.

ಬೇಸಿಗೆಯಲ್ಲಿ ನಿನ್ನ ಮನೆಗೆ ಬಂದಾಗ ಜಗ್ಗಿನಿಂದ ನೀರನ್ನು ಲೋಟದ ಪಕ್ಕಕ್ಕೆ ಸುರಿದೆನಲ್ಲ, ನೀನು ‘ಅಕ್ಕಂಗೆ ಪ್ರೀತಿ ಜಾಸ್ತಿ, ಮೇಜಿಗೂ ಕುಡಿಸ್ತಾಳೆ’ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಾನೂ ನಕ್ಕೆ. ಮರುದಿನ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಆ ಚಿಟ್ಟೆಯ ಪುಸ್ತಕ ತೆಗೆದೆ. ನಿನಗೂ ತೋರಿಸಿದ್ದೆ: ಕಪ್ಪು ಕನ್ನಡಕ ಹಾಕಿಕೊಂಡು ನೋಡಿದರೆ ಪುಟದಿಂದ ಚಿಟ್ಟೆ ಎದ್ದು ಬಂದು ಮೂಗಿನ ಮುಂದೆ ನಿಲ್ಲುತ್ತದೆ. ಎರಡು ಕಣ್ಣೂ ಕೂಡಿ ಕೆಲಸ ಮಾಡುತ್ತಿದ್ದರೆ ಮಾತ್ರ. ಪುಟ್ಟ ಮಕ್ಕಳು ಅದನ್ನು ಹಿಡಿಯಲು ಕೈ ಚಾಚುವುದನ್ನು ನೋಡುವುದೇ ನನಗೆ ಈ ಕೆಲಸದ ದೊಡ್ಡ ಸಂಬಳ. ನನಗೆ ಆ ಚಿಟ್ಟೆ ಏಳಲಿಲ್ಲ. ಕಾಗದಕ್ಕೆ ಅಂಟಿಕೊಂಡು ಮಲಗಿಯೇ ಇತ್ತು. ಕನ್ನಡಕ ಒರೆಸಿ ನೋಡಿದೆ, ಪುಸ್ತಕ ಬದಲಾಯಿಸಿ ನೋಡಿದೆ. ಊರಿಗೆಲ್ಲ ಕಣ್ಣು ಪರೀಕ್ಷೆ ಮಾಡುವವಳು ತನ್ನ ಕಣ್ಣಿನ ಮೇಲೆ ಮಾತ್ರ ಪುಸ್ತಕದ್ದೇ ತಪ್ಪು ಎನ್ನುತ್ತ ಕುಳಿತಿದ್ದೆ.

ಮೇಲಿನ ಮಹಡಿಯ ಕಣ್ಣಿನ ಡಾಕ್ಟರು ನೋಡಿದರು. ಎಡಗಣ್ಣಿನ ನರ ಸೋತಿದೆಯಂತೆ. ಇರುವಷ್ಟನ್ನು ಉಳಿಸಿಕೊಳ್ಳಬಹುದು, ಹೋದದ್ದು ಬರುವುದಿಲ್ಲ ಎಂದರು. ಅಂಗಡಿಯ ಕೆಲಸಕ್ಕೆ, ಓದಿಗೆ, ಓಡಾಟಕ್ಕೆ ತೊಂದರೆಯಿಲ್ಲ. ಏಣಿ ಹತ್ತುವಾಗ, ಅಂಚಿನಲ್ಲಿ ನಡೆಯುವಾಗ ಹುಷಾರು ಎಂದರು. ನಾನು ಗೋಣು ಅಲ್ಲಾಡಿಸಿ ಬಂದೆ. ಸೈಕಲ್ಲಿನ ವಿಷಯ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ನೀನು ಆಗಲೇ ಅಲಗಿಗಾಗಿ ತಯಾರಿ ಶುರುಮಾಡಿಕೊಂಡಿದ್ದೆ. ಈಜುಕೊಳದಲ್ಲಿ ದಿನವಿಡೀ ಮಕ್ಕಳಿಗೆ ಈಜು ಕಲಿಸಿ, ಸಂಜೆ ಆ ಹಾಳು ಗೋಡೌನಿನ ಹಿಂದೆ ಮರದ ಹಲಗೆ ಹಾಸಿಕೊಂಡು ಅದರ ಮೇಲೆ ಸೈಕಲ್ ನಡೆಸುತ್ತಿದ್ದೆ. ಮೊಣಕಾಲಿನ ಗಾಯದ ಫೋಟೋ ಪದಕದ ಹಾಗೆ ಕಳಿಸುತ್ತಿದ್ದೆ. ನಿನಗೆ ಏನೆಂದು ಹೇಳಲಿ? ನಾನು ಬರುವುದಿಲ್ಲ ಎಂದರೆ ನೀನೂ ಹೋಗುವವಳಲ್ಲ.

ನಮ್ಮ ಕಾಯಿದೆ ಗೊತ್ತಲ್ಲ. ಮನೆಗೊಂದೇ ಸೈಕಲ್ ಇದ್ದ ಕಾಲದಲ್ಲಿ ನಾನು ತುಳಿಯುವವಳು, ನೀನು ಹಿಂದಿನ ಕ್ಯಾರಿಯರಿನಲ್ಲಿ ಕಾಲಾಡಿಸುವವಳು. ಏರು ಬಂದಾಗ ಒಬ್ಬಳು ಇಳಿದರೆ ಇಬ್ಬರೂ ಇಳಿಯಬೇಕು ಎಂದು ಅಮ್ಮ ಹೇಳಿದ್ದಳು. ಒಬ್ಬರನ್ನೊಬ್ಬರು ಬಿಟ್ಟು ಹೋಗಬಾರದು ಎಂದೇ ಅಮ್ಮ ಹಾಗೆ ಅಂದದ್ದು ಎಂದು ನಂಬಿಕೊಂಡು ಬೆಳೆದೆವು. ಬೆಟ್ಟಕ್ಕೂ ಅದನ್ನೇ ಕೊಂಡೊಯ್ದೆವು. ‘ಇಳಿದೆ’ ಎಂದು ಒಬ್ಬಳು ಕೂಗಿದರೆ ಇನ್ನೊಬ್ಬಳು ಯಾಕೆ ಎಂದು ಕೇಳದೆ ಇಳಿಯಬೇಕು. ಎಷ್ಟು ಒಳ್ಳೆಯ ಕಾಯಿದೆ ಎಂದು ನಾನೇ ಎಷ್ಟೋ ಜನರ ಮುಂದೆ ಹೊಗಳಿಕೊಂಡಿದ್ದೇನೆ.

ಭಾನುವಾರ ಅಲಗಿನ ಬಾಯಿಯಲ್ಲಿ, ಆ ಎರಡು ಕಲ್ಲುಗಳ ಹತ್ತಿರ ನಿಂತಾಗ, ಇಳಿಯಬೇಕು ಎಂದು ನನ್ನ ಇಡೀ ಮೈ ಹೇಳುತ್ತಿತ್ತು. ಎಡಕ್ಕೆ ನೋಡಿದರೆ ಅಂಚು ಎಲ್ಲಿ ಮುಗಿಯಿತು, ಗಾಳಿ ಎಲ್ಲಿ ಶುರುವಾಯಿತು ತಿಳಿಯುತ್ತಿರಲಿಲ್ಲ. ಆದರೆ ನಾನು ಇಳಿದರೆ ನೀನೂ ಇಳಿಯಬೇಕು. ನಿನ್ನ ವರ್ಷವಿಡೀ ಶ್ರಮ ನನ್ನ ಒಂದು ಮಾತಿಗೆ ನೀರುಪಾಲು. ‘ಇಳಿದೆ’ ಎಂಬ ಮಾತು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ. ನಮ್ಮನ್ನು ಕಾಪಾಡುತ್ತದೆ ಎಂದುಕೊಂಡಿದ್ದ ಕಾಯಿದೆಯೇ ನನ್ನ ಕಾಲನ್ನು ಪೆಡಲಿಗೆ ಕಟ್ಟಿಹಾಕಿತು.

ಆಮೇಲೆ ‘ನೀನು ಮುಂದೆ ಹೋಗು’ ಎಂದೆ. ನೀನು ಹೆಮ್ಮೆಯಿಂದ ತಲೆಯೆತ್ತಿದ್ದನ್ನು ನೋಡಿದೆ. ಅದು ನಿನಗೆ ಕೊಟ್ಟ ಮರ್ಯಾದೆಯಲ್ಲ ಕಣೇ, ನನಗೆ ನಿನ್ನ ಕಣ್ಣು ಬೇಕಾಗಿತ್ತು. ನಿನ್ನ ಸೀಟಿನ ಕೆಳಗಿನ ಕೆಂಪು ದೀಪ ಮೇಲೆದ್ದರೆ ಅಲ್ಲಿ ಉಬ್ಬು, ಒಳಗೆ ಸರಿದರೆ ಅಲ್ಲಿ ಅಂಚು ಕುಸಿದಿದೆ ಎಂದು ಲೆಕ್ಕ ಹಾಕುತ್ತ ಬಂದೆ. ನೀನು ತಪ್ಪಿದ್ದರೆ ನಾನೂ ನಿನ್ನ ಹಿಂದೆಯೇ ತಪ್ಪುತ್ತಿದ್ದೆ.

ಅರ್ಧ ದಾರಿಯ ತಿರುವಿನಲ್ಲಿ, ಚಾಪೆ ಹಾಸುವಷ್ಟು ಜಾಗ ಬಂದಾಗ, ನೀನು ಬಂಡೆಯ ಕಡೆಗೆ ಕಾಲೂರಿ ‘ಇಳಿದೆ’ ಎಂದೆ. ನಾನೂ ಇಳಿದೆ. ನನ್ನ ಮುಖ ಗಂಟಿಕ್ಕಿದ್ದು ಕೋಪಕ್ಕೆ ಎಂದು ನೀನು ತಿಳಿದುಕೊಂಡೆ. ಅಳು ತಡೆಯಲು ಹಲ್ಲು ಕಚ್ಚಿಕೊಂಡಿದ್ದೆ, ಅಷ್ಟೇ.

ಆಮೇಲೆ ಕಂಡದ್ದನ್ನು ಹೇಗೆ ಬರೆಯಲಿ? ಅಲ್ಲಿ ಬಂಡೆ ಸೊಂಟದೆತ್ತರಕ್ಕೆ ತಗ್ಗಿತ್ತು, ಎಳೆಬಿಸಿಲು ನಮ್ಮ ಬೆನ್ನಿಗಿತ್ತು. ಕೆಳಗೆ ಕಣಿವೆಯ ತುಂಬ ಮೋಡ. ಹದ್ದೊಂದು ನಮ್ಮ ಕಾಲಿನಿಂದ ಎಷ್ಟೋ ಕೆಳಗೆ ಸುತ್ತುತ್ತಿತ್ತು. ಹದ್ದಿನ ಬೆನ್ನನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಅದರ ಕಂದು ಗರಿಗಳ ಮೇಲೆ ಬಿಸಿಲು ಹೊಳೆಯುತ್ತಿತ್ತು. ಆಗ ಮೋಡದ ಮೇಲೆ ನಮ್ಮ ನೆರಳು ಬಿತ್ತು. ನನ್ನ ನೆರಳಿನ ತಲೆಯ ಸುತ್ತ ಕಾಮನಬಿಲ್ಲಿನ ಪೂರ್ತಿ ಬಳೆ! ನಿನ್ನ ನೆರಳಿಗೆ ಇರಲಿಲ್ಲ. ಬೆಳಕಿನ ನಿಯಮ ಅದು, ಅವರವರಿಗೆ ಅವರವರ ಬಳೆಯೇ ಕಾಣುವುದು ಎಂದು ಪುಸ್ತಕದಲ್ಲಿ ಓದಿದ್ದೆ. ಓದಿದ್ದು ಯಾವ ಮೂಲೆಗೂ ಸಾಲಲಿಲ್ಲ. ಬಾಯಿ ತೆರೆದುಕೊಂಡು ನಿಂತುಬಿಟ್ಟೆ. ಇಷ್ಟು ದೊಡ್ಡದರ ಎದುರು ನಾನು ಇಷ್ಟೇ ಇಷ್ಟು ಎಂದು ಗೊತ್ತಾದಾಗ ಅವಮಾನ ಆಗಬೇಕಿತ್ತು. ನನಗೆ ಆದದ್ದು ಸುಖ.

ಇನ್ನೊಂದು ತಿಳಿಯಿತು. ದೂರದ್ದನ್ನು ನೋಡಲು ಎರಡು ಕಣ್ಣು ಬೇಕಿಲ್ಲ. ಲೋಟ, ಮೆಟ್ಟಿಲು, ಹ್ಯಾಂಡಲ್, ಇಂಥ ಹತ್ತಿರದವಕ್ಕೇ ಜೋಡಿ ಕಣ್ಣಿನ ಅಳತೆ ಬೇಕಾಗುವುದು. ಆ ಕಣಿವೆ ನನಗೂ ನಿನಗೂ ಒಂದೇ ಥರ ಕಂಡಿತು. ಅದನ್ನು ಯಾರೂ ನನ್ನಿಂದ ಕಿತ್ತುಕೊಂಡಿಲ್ಲ.

ಅಲ್ಲಿ ನೀನು ಮುಂದೆ ನಿಂತು ಏನೋ ಅಂದೆ. ಗಾಳಿಗೆ ಕೇಳಿಸಲಿಲ್ಲ. ಸೈಕಲ್ ತಳ್ಳಿಕೊಂಡು ಕೆಳಗಿಳಿದ ಮೇಲೆ ಕೇಳಿದರೆ ಏನಿಲ್ಲ ಎಂದೆ. ಕಾರಿನಲ್ಲಿ ದಾರಿಯುದ್ದಕ್ಕೂ ನಿನ್ನ ಹಾಡುಗಳನ್ನೇ ಕೇಳುತ್ತ ಬಂದೆವು.

ಇನ್ನು ನಾನು ಅಲಗಿನ ಮೇಲೆ ಸೈಕಲ್ ಹತ್ತುವುದಿಲ್ಲ. ಮುಂದಿನ ತಿಂಗಳೂ ಇಲ್ಲ, ಎಂದಿಗೂ ಇಲ್ಲ. ಬರೆಯಲು ಸಂಕಟವಾಗುತ್ತದೆ, ಸುಳ್ಳು ಹೇಳುವುದಿಲ್ಲ. ಕೆಳಗಿನ ಕಾಡುದಾರಿ ಅಗಲವಾಗಿದೆ, ಅಲ್ಲಿ ಬೇಕಾದಷ್ಟು ಸುತ್ತುತ್ತೇನೆ. ಆಣೆ ವಾಪಸು ತೆಗೆದುಕೋ. ನನ್ನ ಮೇಲೆ ಇಟ್ಟದ್ದು ತಾನೇ, ನಾನೇ ಬಿಡಿಸಿದ್ದೇನೆ.

ನಿನ್ನ,
ಮೇಜಿಗೆ ನೀರು ಕುಡಿಸುವ ಅಕ್ಕ

ಬರೆಯಲು ಮರೆತದ್ದು: ನೀನು ನನಗಿಂತ ಎಷ್ಟೋ ಗಟ್ಟಿಗಿತ್ತಿ. ಅಲ್ಲಿ ಇಳಿದದ್ದು ನನ್ನ ಪಾಡು ನೋಡಿ, ನನಗೋಸ್ಕರವೇ ಅಲ್ಲವೇ? ನಿಜ ಹೇಳು.

*

ಶುಕ್ರವಾರ, ಬೆಳಗ್ಗೆ
ಈಜುಕೊಳದ ಮೆಟ್ಟಿಲ ಮೇಲಿಂದ

ನನ್ನ ಅಕ್ಕಯ್ಯಾ,

ಮೊದಲು ನಿನಗೆ ಚೆನ್ನಾಗಿ ಬೈಯುತ್ತೇನೆ, ಆಮೇಲೆ ಉಳಿದದ್ದು. ಬೇಸಿಗೆಯಿಂದ ಬಚ್ಚಿಟ್ಟುಕೊಂಡಿದ್ದೀಯಲ್ಲ, ನಿನಗೆ ಬುದ್ಧಿ ಇದೆಯಾ? ನಿನ್ನ ಕಾಗದ ಓದಿ ಬಟ್ಟೆ ಬದಲಾಯಿಸುವ ಕೋಣೆಗೆ ಹೋಗಿ ಅತ್ತೆ. ಮಕ್ಕಳು ಹೊರಗಿನಿಂದ ‘ಮಿಸ್, ಕಣ್ಣಿಗೆ ನೀರು ಹೋಯ್ತಾ’ ಎಂದು ಕೇಳಿದರು. ಹೌದು ಎಂದೆ. ಬೈಗುಳ ಮುಗಿಯಿತು.

ನಿನ್ನ ಪ್ರಶ್ನೆಗೆ ಉತ್ತರ: ಇಲ್ಲ. ನಿನಗೋಸ್ಕರ ಇಳಿಯಲಿಲ್ಲ. ನನ್ನನ್ನು ದೊಡ್ಡ ತ್ಯಾಗಮಯಿ ಮಾಡಬೇಡ. ನನಗೆ ಜೀವಭಯ ಹತ್ತಿತ್ತು ಅಕ್ಕ. ತೊಡೆ ಎಷ್ಟು ನಡುಗುತ್ತಿತ್ತು ಎಂದರೆ ಪೆಡಲ್ ಟಕಟಕ ಸದ್ದು ಮಾಡುತ್ತಿತ್ತು, ನಿನಗೆ ಕೇಳಿಸುತ್ತದೇನೋ ಎಂದು ನಾಚಿಕೆ ಬೇರೆ. ಗೋಡೌನಿನ ಹಿಂದಿನ ಹಲಗೆಯ ಮೇಲೆ ನಾನು ರಾಣಿ. ಆದರೆ ಅಲ್ಲಿ ಬಿದ್ದರೆ ನೆಲ ಇರುತ್ತದೆ. ಎರಡು ಕಲ್ಲುಗಳ ಹತ್ತಿರವೇ ನನಗೂ ಇಳಿಯಬೇಕು ಅನ್ನಿಸಿತ್ತು. ಆದರೆ ಅಕ್ಕನಿಗೆ ಇಷ್ಟು ಆಸೆ, ನಾನು ಇಳಿದರೆ ಪಾಪ ಅವಳೂ ಇಳಿಯಬೇಕಲ್ಲ ಎಂದು ಹೊರಟೆ. ನೀನು ‘ಮುಂದೆ ಹೋಗು’ ಅಂದಾಗ ತಲೆಯೆತ್ತಿದ್ದು ಹೆಮ್ಮೆಗಲ್ಲ, ದೇವರೇ ಅಂತ ಆಕಾಶ ನೋಡಿದ್ದು.

ಯೋಚನೆ ಮಾಡು. ನೀನು ನನಗಾಗಿ ಹೋದೆ, ನಾನು ನಿನಗಾಗಿ ಹೋದೆ. ಹೋಗಬೇಕು ಎಂದುಕೊಂಡವರು ಅಲ್ಲಿ ಯಾರೂ ಇರಲಿಲ್ಲ. ದಿನಾ ಮಕ್ಕಳಿಗೆ ‘ಕಾಲು ನಿಲ್ಲದ ಕಡೆ ಹೋಗ್ಬೇಡ್ರೋ, ಯಾರು ಕರೆದ್ರೂ ಹೋಗ್ಬೇಡಿ’ ಎಂದು ಕಿರುಚುವವಳು ನಾನು. ಯಾರೂ ಕರೆಯದೆಯೇ ಹೋಗಿದ್ದೆ. ಆಣೆ ಇಟ್ಟಿದ್ದೆನಲ್ಲ, ನಿನ್ನ ಕಾಗದ ಬರದಿದ್ದರೆ ಮತ್ತೆ ಹೋಗುತ್ತಿದ್ದೆ, ಹಲ್ಲು ಕಚ್ಚಿಕೊಂಡು ಹೋಗುತ್ತಿದ್ದೆ.

ನಿನ್ನೆ ಅಮ್ಮನಿಗೆ ಫೋನ್ ಮಾಡಿದೆ. ನಿನ್ನ ಕಣ್ಣಿನ ವಿಷಯ ಹೇಳಲಿಲ್ಲ, ಅದನ್ನು ನೀನೇ ಹೇಳಬೇಕು, ಈ ವಾರವೇ ಹೇಳಬೇಕು. ಕಾಯಿದೆಯ ವಿಷಯ ಮಾತ್ರ ಕೇಳಿದೆ: ಒಬ್ಬಳು ಇಳಿದರೆ ಇಬ್ಬರೂ ಇಳಿಯಬೇಕು ಅಂತ ಯಾಕಮ್ಮ ಹೇಳಿದ್ದೆ ಎಂದು. ಅಮ್ಮ ಅಂದಳು: ‘ಅಯ್ಯೋ, ಅದಾ? ಏರಿನಲ್ಲಿ ನೀವಿಬ್ರೂ ಒದ್ದಾಡಿ ಒದ್ದಾಡಿ ಹಿಂದಿನ ಚಕ್ರ ಸೊಟ್ಟ ಮಾಡ್ತಿದ್ರಿ ಕಣೇ. ರಿಪೇರಿಯವನು ಇನ್ನು ಈ ಚಕ್ರ ಮುಟ್ಟಲ್ಲ ಅಂದ್ಬಿಟ್ಟಿದ್ದ. ಚಕ್ರ ಉಳೀಲಿ ಅಂತ ಹೇಳಿದ್ದು. ಇದ್ದಿದ್ದು ಒಂದೇ ಸೈಕಲ್ ಅಲ್ವಾ!’

ಅಕ್ಕ, ನಮ್ಮ ಹತ್ತಿರ ಈಗ ಎರಡು ಸೈಕಲ್ ಇವೆ. ನಾವು ಇಷ್ಟು ವರ್ಷ ಅದನ್ನು ಮರೆತಿದ್ದೆವು. ಇನ್ನು ಮೇಲೆ ಇಳಿಯಬೇಕು ಅನ್ನಿಸಿದವಳು ಇಳಿಯಲಿ, ಹೋಗಬೇಕು ಅನ್ನಿಸಿದವಳು ಹೋಗಲಿ, ಹೋದವಳು ಆಚೆ ಕಡೆ ಕಾಯಲಿ. ಮೊದಲು ಇಳಿದವಳಿಗೆ ಕಾರಿನಲ್ಲಿ ಹಾಡು ಆರಿಸುವ ಹಕ್ಕು. ನಿನ್ನ ಹಳೇ ಹಾಡುಗಳನ್ನು ಜೀವನಪೂರ್ತಿ ಕೇಳಬೇಕಾದೀತು, ಆಗಲಿ.

ಮುಂದಿನ ತಿಂಗಳು ಅಲಗಿಗೆ ಹೋಗೋಣ. ಸೈಕಲ್ ಬೇಡ, ಗಟ್ಟಿ ಶೂ ಹಾಕಿಕೊಂಡು ಬಾ. ಆ ಚಾಪೆಯಷ್ಟು ಜಾಗದವರೆಗೆ ನಡೆದು ಹೋಗಿ, ಕುಳಿತು, ಹದ್ದು ನೋಡಿಕೊಂಡು ಬರೋಣ. ಈ ಸಲ ನನ್ನ ಭುಜ ಹಿಡಿದುಕೋ. ಕೇಳಲು ನಾಚಿಕೊಂಡರೆ ನಾನೇ ನಿನ್ನ ಕೈ ಎಳೆದು ಇಟ್ಟುಕೊಳ್ಳುತ್ತೇನೆ.

ನಿನ್ನ,
ಸದ್ಯ ತಿರುಗುವುದು ನಿಲ್ಲಿಸಿರುವ ಗಿರಗಿಟ್ಲೆ

ಬರೆಯಲು ನಾನೂ ಮರೆತದ್ದು: ಗಾಳಿಗೆ ಕೇಳಿಸಲಿಲ್ಲ ಅಂದೆಯಲ್ಲ, ಅಲ್ಲಿ ನಾನು ಅಂದದ್ದು ಇಷ್ಟೇ: ‘ಅಕ್ಕಾ, ಕಣ್ತುಂಬ ನೋಡ್ಕೋ.’ ಆಗ ನನಗೇನೂ ಗೊತ್ತಿರಲಿಲ್ಲ.