ಎಂಟರವರೆಗೆ ಎಣಿಸಿದ ಮೇಲೆ

ಮಾರ್ಚ್ ೯, ಭಾನುವಾರ

ಪ್ರೀತಿಯ ತಮ್ಮನಿಗೆ,

ನಿನ್ನ ಮಗಳ ಕಾರ್ಡು ಬಂದು ತಿಂಗಳಾಯಿತು. ಉತ್ತರ ಬರೆಯದ ದೊಡ್ಡಪ್ಪನ ಕಿವಿ ಹಿಂಡಲು ಹೇಳು. ಕೆಳಗೆ ನಿನ್ನ ಸಹಿಯೂ ಇತ್ತು. ಹದಿನೆಂಟು ವರ್ಷ ಮಾತು ಬಿಟ್ಟವನಿಂದ ಅಷ್ಟಾದರೂ ಬಂತಲ್ಲ ಎಂದು ನಿನ್ನತ್ತಿಗೆ ಅದನ್ನು ಕನ್ನಡಿಗೆ ಸಿಕ್ಕಿಸಿಟ್ಟಿದ್ದಾಳೆ.

ಇಲ್ಲಿಯ ಸುದ್ದಿ ಒಳ್ಳೆಯದಲ್ಲ ಕಣೋ. ಹನ್ನೊಂದು ದಿನದ ಹಿಂದೆ ನಾನು ರೆಫರಿಯಾಗಿದ್ದ ಬಾಕ್ಸಿಂಗ್ ಪಂದ್ಯದಲ್ಲಿ ಒಬ್ಬ ಬಿದ್ದ. ಬೇಕರಿಯಲ್ಲಿ ಹಿಟ್ಟು ನಾದುವವನು, ಇಪ್ಪತ್ತಾರು ವರ್ಷ. ಇನ್ನೂ ಕಣ್ಣು ಬಿಟ್ಟಿಲ್ಲ.

ಮೊದಲ ಸಲ ಬಿದ್ದಾಗ ಎದ್ದಿದ್ದ. ನಿಯಮದಂತೆ ಎಂಟರವರೆಗೆ ಎಣಿಸಿದೆ, ಅವನ ಗ್ಲೌಸನ್ನು ನನ್ನ ಅಂಗಿಗೆ ಒರೆಸಿ ಕಣ್ಣು ನೋಡಿದೆ. ನೋಟ ನನ್ನ ಮೇಲೆ ನಿಲ್ಲಲೇ ಇಲ್ಲ. "ಆಗುತ್ತೇನೋ?" ಅಂದೆ. "ನಿಲ್ಲಿಸ್ಬೇಡಿ ಸಾರ್, ಚೆನ್ನಾಗಿದ್ದೀನಿ" ಅಂದ. ಬಿಟ್ಟೆ. ಆಮೇಲೆ ಬಿದ್ದದ್ದು ಎರಡೇ ಏಟು.

"ತಲೆ ಕೆಡಿಸ್ಕೋಬೇಡಿ. ನೋಟ ಸರಿಯಾಗಿತ್ತು ಅಂತ ಒಂದು ಸಾಲು ಬರ್ದುಕೊಡಿ, ಮುಗೀತು" ಎಂದು ಸಂಘದ ಕಾರ್ಯದರ್ಶಿ ಹೇಳಿದರು. ನಾಳೆ ವರದಿ ಕೊಡಬೇಕು. ನಿಜ ಬರೆದರೆ ಇನ್ನು ರಿಂಗಿನೊಳಗೆ ಕಾಲಿಡುವ ಹಾಗಿಲ್ಲ. ಮೂರು ದಿನದಿಂದ ಪೆನ್ನು ಹಿಡಿದು ಕೂತಿದ್ದೇನೆ.

ಆಸ್ಪತ್ರೆಗೆ ದಿನಾ ಹೋಗುತ್ತೇನೆ. ನಿನ್ನೆ ಅವನ ತಾಯಿ ಬೆಂಚಿನಲ್ಲಿ ಸರಿದು ಜಾಗ ಮಾಡಿಕೊಟ್ಟರು. "ದಿನಾ ಬರ್ತೀರಲ್ಲ, ಬೇಕರಿಯವರಾ?" ಅಂದರು. ಹೌದು ಅಂದುಬಿಟ್ಟೆ. "ಅವನ ಜಾಗಕ್ಕೆ ಬೇರೆಯವರನ್ನ ತಗೋಬೇಡಿ ಅಣ್ಣಾ, ಎದ್ದ ತಕ್ಷಣ ಬರ್ತಾನೆ" ಅಂದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ನಿನ್ನತ್ತಿಗೆ ಆ ಅಂಗಿಯನ್ನು ಮೂರು ಸಲ ನೆನೆಹಾಕಿ ಉಜ್ಜಿದಳು. ರಕ್ತದ ಕಲೆ ಹೋಗಿಲ್ಲ. "ಎಸೀಲಾ?" ಅಂದಳು. ಬೇಡ ಅಂದೆ.

ಪುಟ್ಟಿಗೆ ನನ್ನ ಮುದ್ದು. ನೀವು ಮೂವರೂ ತಣ್ಣಗಿರಿ.

ನಿನ್ನ ಅಣ್ಣ

ಮರೆತ ಮಾತು: ಈ ಕಾಗದ ಮುಗಿಸಿ ವರದಿಯನ್ನೂ ಬರೆದೆ. ನೋಟ ಸರಿಯಿರಲಿಲ್ಲ, ಗೊತ್ತಿದ್ದೂ ಬಿಟ್ಟೆ ಎಂದೇ ಬರೆದೆ. ಯಾಕೆ ಬಿಟ್ಟೆ ಎಂದು ಮಾತ್ರ ಬರೆಯಲಿಲ್ಲ. ಹದಿನೆಂಟು ವರ್ಷದ ಹಿಂದೆ, ಬೇರೆ ರೆಫರಿ ಬರಲಿಲ್ಲವೆಂದು ನಿನ್ನ ಬಾಕ್ಸಿಂಗ್ ಫೈನಲ್‌ಗೆ ನಾನೇ ನಿಂತಿದ್ದೆನಲ್ಲ, ನೀನೂ ಹೀಗೇ ಬಿದ್ದು ಎದ್ದು "ನಿಲ್ಲಿಸ್ಬೇಡ ಅಣ್ಣ, ಚೆನ್ನಾಗಿದ್ದೀನಿ" ಅಂದಿದ್ದೆ. ಆದರೂ ನಾನು ಪಂದ್ಯ ನಿಲ್ಲಿಸಿದೆ. "ನನ್ನ ಬದುಕೇ ಹಾಳುಮಾಡ್ದೆ" ಎಂದು ಹೋದವನು ಮತ್ತೆ ನನ್ನ ಮನೆ ಮೆಟ್ಟಿಲು ಹತ್ತಲಿಲ್ಲ. ಈ ಬೇಕರಿ ಹುಡುಗನ ಬಾಯಲ್ಲೂ ಅದೇ "ನಿಲ್ಲಿಸ್ಬೇಡಿ" ಕೇಳಿದಾಗ, ಇನ್ನೊಬ್ಬನ ಶಾಪ ನನಗೆ ಬೇಡ ಅನ್ನಿಸಿಬಿಟ್ಟಿತು. ನಿನ್ನನ್ನು ದೂರುತ್ತಿಲ್ಲ ಕಣೋ. ನೀನಿದ್ದೀಯ, ಕಾರ್ಡು ಬರೆಯಲು ನಿನಗೊಬ್ಬ ಮಗಳಿದ್ದಾಳೆ. ಅವತ್ತು ನಾನು ನಿಲ್ಲಿಸಿದ್ದು ಸರಿ ಎಂದು ಒಂದೇ ಒಂದು ಸಾಲು ಬರೆದು ಹಾಕೋ.