ಮೊದಲು ಆರಿಸಿದ ಹುಡುಗ

೧೨ ಜೂನ್ ೨೦೦೬
ಹಾಲಿನಂವ ಮತ್ತ ನೀರು ಹಾಕ್ಯಾನ. ಬೈದೆ. ಅಷ್ಟರಾಗ ಮೊಮ್ಮಗ ಸಿದ್ದಾರೂಢ ಓಡಿ ಬಂದ. ಕಂಪನಿ ಕಬಡ್ಡಿ ಟೀಮಿನ ಟ್ರಯಲ್, ಎಲ್ಲಾರಕಿಂತ ಮೊದಲು ಇವನ ಹೆಸರು ಕೂಗಿದರಂತ. ಎರಡು ವರ್ಷ ಆಡಿದರ ಪರ್ಮನೆಂಟ್ ನೌಕರಿ. ಸೊಸಿ ಸಾವಂತ್ರವ್ವ ಓಣಿಗೆಲ್ಲಾ ಸಕ್ಕರಿ ಹಂಚಿದಳು. ಚೌಕದಾಗ ಯಾವನೋ ಪುಢಾರಿ ಫ್ಲೆಕ್ಸ್ ಹಾಕಿಸ್ಯಾನ. ಹುಡುಗನ ಮಾರಿ ಸಣ್ಣದು, ತನ್ನ ಮಾರಿ ಹಂಡೆದಷ್ಟು. ಹಲ್ಕಟ್.

೩ ಆಗಸ್ಟ್
ಕಂಪನಿ ಗ್ರೌಂಡಿನ್ಯಾಗ ಮಣ್ಣಿಲ್ಲಂತ. ರಬ್ಬರ್ ಮ್ಯಾಟು, ಕಾಲಿಗೆ ಬೂಟು. ಇವ ಸಣ್ಣಾಂವಿದ್ದಾಗಿಂದ ಬರಿಗಾಲಿಲೆ ಮಣ್ಣಾಗ ಆಡಿದಂವ. "ಅಜ್ಜಾ, ಮಣ್ಣು ಜಾರತದ. ಮ್ಯಾಟು ಕಾಲು ಹಿಡಕೊಂತದ" ಅಂದ. ಕೋಚ್ ಏಕನಾಥಗ ಹೇಳಿದ್ದಕ್ಕ ನಕ್ಕನಂತ — ಮೊದಲ ನಂಬರ್ ನೀನು, ಅಳ್ತಿ ಏನ್?

೧೯ ನವೆಂಬರ್
ದೌಂಡ ಊರಾಗ ಮ್ಯಾಚು. ನಾನೂ ಹೋಗಿದ್ದೆ. ರೇಡ್ ಮಾಡಿ ಲೈನಿನ ಕಡೆ ತಿರುಗಿದ. ಬೂಟು ಅಲ್ಲೇ ನಿಂತಿತು, ಮೈ ಮುಂದ ಹೋತು. ಮೊಣಕಾಲು ಟಪ್ ಅಂತು. ಕಟ್ಟಿ ಮ್ಯಾಲೆ ಕುಂತ ನನಗ ಕೇಳಿಸ್ತು...

೪ ಜುಲೈ ೨೦೦೭
ಇಷ್ಟು ದಿನ ಡೈರಿ ಬರಿಯೂ ಮನಸ್ಸಿರಲಿಲ್ಲ. ಆಪರೇಷನ್ ಆತು. ನಡೀತಾನ, ಓಡಿದರ ಕಾಲು ತಡಿಯಂಗಿಲ್ಲ. ಇವತ್ತು ಏಕನಾಥ ಮನಿಗೇ ಬಂದ. ಮರಾಠಿಯೊಳಗ ಅಜ್ಜಾ, ಅಜ್ಜಾ ಅಂತ ಬೆಲ್ಲದಂಥ ಮಾತು.
"ಆಜೋಬಾ, ನೋವು ತಿಳೀಲಾರದಂಗ ಇಂಜೆಕ್ಷನ್ ಕೊಡಿಸ್ತೀನಿ. ಇನ್ನೊಂದು ಸೀಜನ್ ನಿಂತರ ನೌಕರಿ ಪಕ್ಕಾ."
"ಕಾಲು ಹೋದರ?"
"ನೌಕರಿ ಕುರ್ಚಿ ಮ್ಯಾಲಿಂದಲ್ಲೇನ್ರಿ!"
ಚಹಾದ ಕಪ್ಪು ಗ್ವಾಡಿಗೆ ಒಗದೆ. ಸಿದ್ದು ನನಗೇ ಬೈದ. "ಆಡಾಂವ ನಾನು, ನೀ ಅಲ್ಲ!" ಬಾಯಿ ಮುಚ್ಚಂದೆ. ಮುಚ್ಚಲಿಲ್ಲ. ನನ್ನ ರಕ್ತಾನೇ.

೧೫ ಜುಲೈ
ಸಿದ್ದು ನನ್ನ ಮಾತು ಮೀರಿ ಹೋಗಿದ್ದ, ಎಳಕೊಂಡು ಬರಬೇಕಂತ ಪ್ರ್ಯಾಕ್ಟೀಸಿಗೆ ಹೋದೆ. ಇಂಜೆಕ್ಷನ್ ಚುಚ್ಚಿಸಿಕೊಂಡು ಆಡಾಕತ್ತಿದ್ದ. ಎರಡನೇ ರೇಡಿಗೆ ಕಾಲು ಮಡಚಿ ಬಿದ್ದ. "ಪುನ್ಹಾ!" — ಏಕನಾಥ. ಮತ್ತೊಮ್ಮಿ ಅಂತ! ನಾ ಚಪ್ಪಲಿ ಬಿಚ್ಚಿದೆ, ಹೊಡಿಯಾಕ. ಅಷ್ಟರಾಗ ಸಿದ್ದು ಎದ್ದ. ಜರ್ಸಿ ಕಳದ, ಮಡಚಿ ಕೋಚ್‌ನ ಕುರ್ಚಿ ಮ್ಯಾಲೆ ಇಟ್ಟ.
"ಸಾಕು ಸರ್."
ಇಪ್ಪತ್ತೊಂದು ವಯಸ್ಸು. ಮುಗೀತು ಆಟ. ಮುಗೀತು ನೌಕರಿ. ನಾ ಬೇಡಿದ್ದೂ ಇದನ್ನ. ಹಂಗಾದರ ಈ ಸಿಟ್ಟು ಯಾರ ಮ್ಯಾಲೆ ಹಾಕಲಿ?

೧೬ ಜುಲೈ, ನಸುಕಿನ್ಯಾಗ
ಈಗ ಎದ್ದಾನ. ರೂಢಿ. ಮೊಣಕಾಲಿಗೆ ಪಟ್ಟಿ ಸುತ್ತಿದ. ಬಾಗಿಲ ತಗದ. ಅಲ್ಲೇ ನಿಂತಾನ. ಎಲ್ಲಿಗೆ ಹೋಗಬೇಕು, ತಿಳೀವಲ್ದು ಅವಗ.
"ಲೇ, ಬಾಗಿಲ ಹಾಕು, ಥಂಡಿ ಬರ್ತದ!" ಒದರಿದೆ.
ತಿರುಗಿ ನೋಡಿದ. ಆ ಮಾರಿ ನೋಡಿ ನಾನೇ ಎದ್ದು ಹೋಗಿ, ಥಂಡ್ಯಾಗ ಅವನ ಬಾಜೂಕ ನಿಂತೆ.